ಬಾಣಂತಿ ಕೋಣೆಯ ಲೋಡು

ಏಸಿ ಹಾಕಿಸುವ ಮನೆಗೆ ನಾನು ಲೆಕ್ಕ ಬರೆಯಲು ಹೋಗಿ ನಗದೆ ವಾಪಸ್ಸು ಬಂದದ್ದು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಇಲ್ಲ. ಹೆಂಡತಿ ಈಗೀಗ ಬಾಗಿಲಲ್ಲೇ ನಿಂತು, ಇವತ್ತು ಏನಾಯ್ತು ಎಂದು ಕೇಳಿ ಆಮೇಲೆ ಕಾಫಿ ಕೊಡುತ್ತಾಳೆ.

ನನ್ನ ಕೆಲಸ ದೊಡ್ಡದೇನಲ್ಲ. ಕಡೂರಿನಲ್ಲಿ ವೈರಿಂಗ್ ಲೈಸೆನ್ಸ್ ಇಟ್ಟುಕೊಂಡವನು ನಾನು. ತರೀಕೆರೆಯಲ್ಲಿ ಏಸಿ ಮಾರುವ ಅಂಗಡಿಯವರು ಗಿರಾಕಿ ಸಿಕ್ಕ ತಕ್ಷಣ ನನಗೆ ಫೋನ್ ಮಾಡುತ್ತಾರೆ. ಬೈಕ್ ಹತ್ತಿ ಹೋಗುತ್ತೇನೆ. ಆ ಮನೆಯಲ್ಲಿ ಕರೆಂಟಿನ ಸಾಮಾನು ಎಷ್ಟಿವೆ, ಅವುಗಳಲ್ಲಿ ಒಟ್ಟಿಗೆ ಓಡುವುದು ಯಾವುವು, ಮೀಟರಿಗೆ ಮಂಜೂರಾದ ಲೋಡು ಎಷ್ಟು, ಏಸಿ ಹಾಕುವ ಕೋಣೆಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಒಳಗೆ ಎಷ್ಟು ಜನ ಮಲಗುತ್ತಾರೆ, ಎಲ್ಲವನ್ನೂ ಬರೆದುಕೊಂಡು ಕೂಡಿಸಿ ಹೇಳಬೇಕು. ಹಳೇ ವೈರು ತಡೆಯುತ್ತದೋ ಇಲ್ಲವೋ, ಏಸಿ ಎಷ್ಟು ಟನ್ನಿನದು ಬೇಕು ಎನ್ನುವುದೆಲ್ಲ ಆ ಲೆಕ್ಕದ ಮೇಲೆ ನಿಂತಿದೆ. ಕೂಡಿಸುವುದು ಸುಲಭ. ಮನೆಯವರ ಬಾಯಿಂದ ನಿಜ ಹೊರಡಿಸುವುದೇ ಕಷ್ಟ.

ಈ ವರ್ಷ ಅಜ್ಜಂಪುರದ ಒಂದು ಮನೆಯಲ್ಲಿ ನನ್ನ ಲೆಕ್ಕದ ಮೇಲೆ ಒಬ್ಬ ಹೆಣ್ಣುಮಗಳ ಬಾಣಂತನವೇ ನಿಂತುಬಿಟ್ಟಿತ್ತು. ಅವಳು ತವರಿಗೆ ಬರುತ್ತಾಳೋ ಇಲ್ಲವೋ ಎಂದು ಮನೆಮಂದಿಯೆಲ್ಲ ನನ್ನ ಪೆನ್ನಿನ ಕಡೆ ನೋಡುತ್ತಾ ಕೂತಿದ್ದರು. ನಾನು ಹೇಳಬೇಕೆಂದು ಹೊರಟದ್ದು ಅದನ್ನೇ. ಆದರೆ ಈ ಕಸುಬಿನ ರೀತಿ ತಿಳಿಯಲೆಂದು ಚಿಕ್ಕವು ಎರಡನ್ನು ಮೊದಲು ಹೇಳಿಬಿಡುತ್ತೇನೆ.

೧. ಅಲ್ಲಾಡುವ ಮೇಜು

ನಾನು ಕೈಯಲ್ಲಿ ಪುಸ್ತಕ, ಕೊರಳಲ್ಲಿ ಕರೆಂಟ್ ಅಳೆಯುವ ಮೀಟರು ಹಾಕಿಕೊಂಡು ಗೇಟು ತೆಗೆದರೆ ಸಾಕು, ನಮ್ಮ ಕಡೆಯವರು ನನ್ನನ್ನು ಕರೆಂಟ್ ಆಫೀಸಿನಿಂದ ತಪಾಸಣೆಗೆ ಬಂದವನೆಂದೇ ತಿಳಿಯುತ್ತಾರೆ. ಕರೆಸಿದವರು ಅವರೇ ಆಗಿರಲಿ, ಒಳಗೆ ಸಾಮಾನು ಬಚ್ಚಿಡುವ ಕೆಲಸ ಶುರುವಾಗಿಬಿಡುತ್ತದೆ. ಇಸ್ತ್ರಿಪೆಟ್ಟಿಗೆ ಅಕ್ಕಿ ಡಬ್ಬಕ್ಕೆ ಇಳಿಯುತ್ತದೆ, ನೀರು ಕಾಯಿಸುವ ರಾಡು ಹಾಸಿಗೆಯ ಕೆಳಗೆ ಹೋಗುತ್ತದೆ.

ಕಡೂರಿನಲ್ಲೇ ಒಂದು ಮನೆ. ಯಜಮಾನರು ನಿವೃತ್ತ ಕಂಡಕ್ಟರು. ಏಸಿ ಬೇಕೆಂದು ಫೋನ್ ಮಾಡಿದವರೂ ಅವರೇ.

"ಮನೇಲಿ ಏನೇನು ಓಡುತ್ತೆ ಸಾರ್?" ಎಂದೆ.

"ಎರಡು ಬಲ್ಬು, ಒಂದು ಫ್ಯಾನು. ಅಷ್ಟೇ ಕಣ್ರೀ."

"ಫ್ರಿಜ್ಜು?"

"ಇತ್ತು. ಕೆಟ್ಟೋಯ್ತು."

ಒಂದು ಫ್ಯಾನಿನ ಮನೆಗೆ ಏಸಿ ಏಕೆ ಬೇಕಾಯಿತೋ ಎಂದುಕೊಳ್ಳುತ್ತಾ ಹಾಲ್ ನೋಡಿದೆ. ಮೂಲೆಯಲ್ಲಿ ಒಂದು ಚೌಕದ ಮೇಜು. ಮೇಲೆ ನೆಲ ಮುಟ್ಟುವ ಬೆಡ್‌ಶೀಟು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಪಕ್ಕದಲ್ಲಿ ಯಜಮಾನರು ಸೇವೆಯಲ್ಲಿದ್ದಾಗ ಸನ್ಮಾನ ಮಾಡಿಸಿಕೊಂಡ ಫೋಟೊ. ನಾನು ಬಲ್ಬು ಎರಡು ಎಂದು ಬರೆಯುವಷ್ಟರಲ್ಲಿ ಆ ಮೇಜು ಗುರ್ ಎಂದಿತು. ಆಮೇಲೆ ನಡುಗಿತು. ಆಮೇಲೆ ಹೂವಿನ ಕುಂಡವೂ ಸನ್ಮಾನದ ಫೋಟೊವೂ ಜೊತೆಜೊತೆಯಾಗಿ ಅಂಚಿನ ಕಡೆ ಸರಿಯತೊಡಗಿದವು. ಬಟ್ಟೆ ಹಿಂಡುವ ಹೊತ್ತಿಗೆ ಎಲ್ಲ ವಾಷಿಂಗ್ ಮಷಿನ್ನೂ ಹಾಗೆಯೇ ಮಾಡುತ್ತದೆ.

ಯಜಮಾನರ ಹೆಂಡತಿ ಓಡಿಬಂದು ಎರಡೂ ಕೈಯಿಂದ ಅದನ್ನು ಅಪ್ಪಿ ಹಿಡಿದುಕೊಂಡರು. ಹಿಡಿದ ಕೈಯೂ ಅದರ ಜೊತೆ ನಡುಗುತ್ತಿತ್ತು, ಆಡಿದ ಮಾತೂ ನಡುಗುತ್ತಿತ್ತು.

"ಹಳೇ ಮೇಜು ಸಾರ್. ಕಾಲು ಸರಿಯಿಲ್ಲ, ಸ್ವಲ್ಪ ಅಲ್ಲಾಡುತ್ತೆ."

೨. ಅಂಗಡಿ ಒಳಗೆ ಜಾಗವಿಲ್ಲ

ತರೀಕೆರೆಯಲ್ಲಿ ಒಬ್ಬರು ದರ್ಜಿ ಚಾಚಾ. ನನ್ನ ಮದುವೆಯ ಕೋಟು ಹೊಲಿದವರು. ಬೇಸಿಗೆಯಲ್ಲಿ ಅಂಗಡಿಯ ತಗಡಿನ ಕೆಳಗೆ ಕೂತು ಅವರಿಗೆ ತಲೆಸುತ್ತು ಬಂದಿತೆಂದು ಮಗಳು ಹಟ ಹಿಡಿದು ಏಸಿ ಕೊಡಿಸಲು ಹೊರಟಳು. ಲೆಕ್ಕಕ್ಕೆ ನಾನು ಹೋದೆ.

"ಅಂಗಡೀಲಿ ಎಷ್ಟು ಜನ ಇರ್ತೀರಿ ಚಾಚಾ?"

"ನಾನೊಬ್ನೇ ಕಣಪ್ಪಾ. ಇನ್ಯಾರು ಬತ್ತಾರೆ ಈ ಶೆಖೆಗೆ?"

ಒಬ್ಬ ಮನುಷ್ಯ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ ಎಂದು ಹಿಡಿದು ಚಿಕ್ಕ ಏಸಿ ಸಾಕು ಎಂದು ಬರೆದುಕೊಟ್ಟೆ. ತಿಂಗಳಾದ ಮೇಲೆ ಮಗಳ ಫೋನು. ಏಸಿ ತಂಪೇ ಮಾಡುತ್ತಿಲ್ಲವಂತೆ.

ಹೋಗಿ ನೋಡಿದರೆ ಅಂಗಡಿಯೊಳಗೆ ಒಂಬತ್ತು ಜನ. ಬಸ್ಸಿಗೆ ಕಾಯುವ ಅಮೃತಾಪುರದವರು ಇಬ್ಬರು, ಪಕ್ಕದ ಹೂವಿನಮ್ಮ ಬುಟ್ಟಿಯ ಸಮೇತ, ಎದುರು ಸೈಕಲ್ ಶಾಪಿನವರು, ಪೇಪರ್ ಓದುವ ಒಬ್ಬರು ನಿವೃತ್ತ ಮೇಷ್ಟ್ರು, ಇನ್ನುಳಿದವರು ಯಾರೆಂದು ಚಾಚಾನಿಗೂ ಗೊತ್ತಿರಲಿಲ್ಲ. ಚಾಚಾ ಮಾತ್ರ ಒಳಗಿಲ್ಲ. ಹಿಂದೆ ತಿರುಗಿದರೆ ರಸ್ತೆ ಬದಿಯ ಬೇವಿನ ಮರದ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು, ಬೆವರು ಒರೆಸಿಕೊಳ್ಳುತ್ತಾ ಕಾಜಾ ಹಾಕುತ್ತಿದ್ದರು.

"ಇದೇನು ಚಾಚಾ, ಏಸಿ ನಿಮಗೆ ಹಾಕ್ಸಿದ್ದು."

"ಒಳಗೆ ಜಾಗ ಇಲ್ಲ ಕಣಪ್ಪಾ. ಕೂತ್ಕೊಳ್ಳಿ ಅಂತ ಕರ್ದೋನು ನಾನೇ, ಈಗ ಏಳಿ ಅನ್ನೋದು ಹೆಂಗೆ?" ಎಂದರು. ಆಮೇಲೆ ದನಿ ತಗ್ಗಿಸಿ, "ನೀನೂ ಬಿಸಿಲಲ್ಲಿ ಬಂದಿದೀಯ. ಆ ಮೇಷ್ಟ್ರು ಸ್ವಲ್ಪ ಸರಿತಾರೆ, ಒಳಗೋಗಿ ಕೂತ್ಕೋ," ಎಂದರು.

೩. ಒಬ್ಬಳಿಗೆ ಎರಡು

ಈಗ ಅಜ್ಜಂಪುರಕ್ಕೆ ಬರುತ್ತೇನೆ. ಆ ಮನೆಯ ಯಜಮಾನ ನನ್ನ ಸ್ಕೂಲಿನ ಗೆಳೆಯ, ಪಾತ್ರೆ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ತಾಯಿಯನ್ನು ಮೊಮ್ಮಗಳು ಹುಟ್ಟಿದಾಗಿನಿಂದ ಬೀದಿಯೆಲ್ಲ ಅಜ್ಜಿ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಆ ಮೊಮ್ಮಗಳನ್ನೇ ದಾವಣಗೆರೆಗೆ ಕೊಟ್ಟಿರುವುದು. ಈಗ ಚೊಚ್ಚಲ ಬಸುರಿ, ಏಪ್ರಿಲ್‌ನಲ್ಲಿ ಹೆರಿಗೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಗೆಳೆಯ ಫೋನ್ ಮಾಡಿದ. "ಲೇ, ಬೇಗ ಬಾರೋ. ಮಗಳು ಬಾಣಂತನಕ್ಕೆ ಬರೋ ಹಂಗೆ ಕಾಣಲ್ಲ."

ವಿಷಯ ಇಷ್ಟು. ಹುಡುಗಿಗೆ ಶೆಖೆ ತಡೆಯಲು ಆಗುತ್ತಿಲ್ಲ. ದಾವಣಗೆರೆಯ ಮನೆಯಲ್ಲಿ ಏಸಿ ಇದೆ. ಅವಳ ಅತ್ತೆ ಒಳ್ಳೆಯ ಹೆಂಗಸು, ಬಾಣಂತನ ಇಲ್ಲೇ ಆಗಲಿ, ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಚೊಚ್ಚಲ ಬಾಣಂತನ ತವರಲ್ಲಿ ಆಗದೆ ಹೋದರೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ ಎಂದು ಗೆಳೆಯ. ಅವನಿಗಿಂತ ಹೆಚ್ಚಿನ ಸಂಕಟ ಅಜ್ಜಿಗೆ. ಹದಿನಾಲ್ಕು ಬಾಣಂತನ ಮಾಡಿದ ಕೈ ಅವರದು. ಸ್ವಂತ ಮೊಮ್ಮಗಳದೇ ಆ ಕೈ ತಪ್ಪಿಹೋಗುವುದರಲ್ಲಿತ್ತು. ಆದರೆ ಏಸಿಯ ಹೆಸರು ಎತ್ತಿದರೆ ಅಜ್ಜಿಗೆ ಆಗದು.

"ಬಾಣಂತಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಗಾಳಿ ಸೋಕದಂಗೆ ನೋಡ್ಕೋತೀವಿ. ನೀನು ಗೋಡೆಗೆ ಮಂಜುಗಡ್ಡೆ ಪೆಟ್ಟಿಗೆ ತಗಲಾಕ್ತೀನಿ ಅಂತೀಯಲ್ಲೋ," ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನಾನು ಲೆಕ್ಕ ಶುರು ಮಾಡಿದೆ. ಮನೆಗೆ ಮಂಜೂರಾದ ಲೋಡು ಮೂರು ಕಿಲೋವ್ಯಾಟ್. ಫ್ರಿಜ್ಜು, ಫ್ಯಾನುಗಳು, ಮಿಕ್ಸಿ, ನೀರಿನ ಮೋಟರು ಎಲ್ಲ ಸೇರಿ ಒಂದರ ಸುಮಾರು. ಏಸಿಗೆ ಒಂದೂಕಾಲು. ಇಲ್ಲಿಗೆ ಸರಿಹೋಗಿತ್ತು. ಆದರೆ ಬಚ್ಚಲಲ್ಲಿ ಗೀಸರ್ ಇತ್ತು, ಅದೊಂದೇ ಎರಡು ಕಿಲೋವ್ಯಾಟ್.

"ಗೀಸರ್ ಆರಿಸಿದ ಮೇಲೆ ಏಸಿ ಹಾಕೋದು ಅಂತ ಮಾಡ್ಕೊಳ್ಳೋಣ. ನೀರು ಎಷ್ಟೊತ್ತು ಕಾಯಿಸ್ತೀರಿ ಅಜ್ಜಿ?"

"ಬೆಳಕು ಹರಿದಾಗ ಶುರು ಮಾಡಿದ್ರೆ ಮಧ್ಯಾಹ್ನ ಆಯ್ತದೆ. ತಾಯಿಗೆ ಎರಡು ಹಂಡೆ ಎರೀಬೇಕು, ಕೂಸಿಗೆ ಒಂದು. ಸಂಜೆ ಕೂಸಿಗೆ ಇನ್ನೊಂದು ಸಲ."

ಆ ಪುಟ್ಟ ಗೀಸರ್ ಇಷ್ಟೂ ಹಂಡೆ ಕಾಯಿಸುವುದೆಂದರೆ ದಿನವೆಲ್ಲ ಓಡಬೇಕು. ಎರಡೂ ಒಟ್ಟಿಗೆ ಓಡಿದರೆ ಹಳೇ ವೈರು ತಡೆಯುವುದಿಲ್ಲ. ಹೆಚ್ಚಿನ ಲೋಡಿಗೆ ಅರ್ಜಿ ಹಾಕಿ, ಒಳಗಿನ ವೈರು ಬದಲಾಯಿಸಿ, ಮಂಜೂರಾಗಿ ಬರುವ ಹೊತ್ತಿಗೆ ಕೂಸು ಹುಟ್ಟಿ ಮಗ್ಗುಲಿಗೆ ಹೊರಳಿರುತ್ತದೆ. ನಾನು ಪೆನ್ನು ಮುಚ್ಚಿದೆ. ಅದನ್ನು ಮುಚ್ಚಿದ ಸದ್ದಿಗೇ ಗೆಳೆಯನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗಲೇ ಹುಡುಗಿಯ ಫೋನು ಬಂತು. ನಾನು ಬಂದಿದ್ದೇನೆಂದು ಹೇಳಿ ಗೆಳೆಯ ಎಲ್ಲರಿಗೂ ಕೇಳುವ ಹಾಗೆ ಇಟ್ಟ. "ಮಾಮ, ಅಜ್ಜಿ ಕೈಲೇ ಎರೆಸ್ಕೋಬೇಕು ಅಂತ ನಂಗೆ ಬಾಳ ಆಸೆ. ಆದ್ರೆ ಈ ಶೆಖೇಲಿ ಉಸಿರು ಕಟ್ದಂಗೆ ಆಗುತ್ತೆ. ಏನಾದ್ರೂ ಮಾಡು ಮಾಮ."

ಅಜ್ಜಿ ಎದ್ದು ಹಿತ್ತಿಲ ಕಡೆ ಹೋದರು. ಗೆಳೆಯ ನನ್ನ ಪುಸ್ತಕವನ್ನು ಕಿತ್ತುಕೊಂಡು ಓದಿ, ತಲೆ ಕೆರೆದುಕೊಂಡು ಹೇಳಿದ. "ಅಲ್ವೋ, ಒಬ್ಬಳು ಹುಡುಗೀನ ಬೇಯಿಸೋಕೆ ಎರಡು ಕಿಲೋವ್ಯಾಟ್, ಆರಿಸೋಕೆ ಒಂದೂಕಾಲು. ಹಂಗೇ ಬಿಟ್ಟುಬಿಟ್ರೆ ಸರಿಯಾಗೇ ಇರ್ತಾಳಲ್ಲೋ."

೪. ಹಂಡೆಗೆ ಎಷ್ಟು ವ್ಯಾಟು

ಮೂರು ದಿನ ಬಿಟ್ಟು ಮತ್ತೆ ಹೋದೆ. ಆಗುವುದಿಲ್ಲ ಎನ್ನುವುದನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಗೆಳೆಯ ಅಂಗಡಿಯಲ್ಲಿದ್ದ. ಅವನ ಹೆಂಡತಿ, "ಅಜ್ಜಿ ಹಿಂದ್ಗಡೆ ಅವ್ರೆ, ನಿಮ್ಮನ್ನೇ ಕಾಯ್ತಾವ್ರೆ," ಎಂದಳು.

ಹಿತ್ತಿಲ ಬಚ್ಚಲಿನಲ್ಲಿ ಮೊದಲು ನೀರೊಲೆ ಇತ್ತು. ಗೀಸರ್ ಬಂದ ಮೇಲೆ ಆ ಒಲೆಯ ಮೇಲೆ ಅಂಗಡಿಯಲ್ಲಿ ಮಾರಾಟವಾಗದ ಪಾತ್ರೆಗಳನ್ನು ಪೇರಿಸಿಟ್ಟಿದ್ದರು. ಈಗ ನೋಡಿದರೆ ಪಾತ್ರೆಗಳೆಲ್ಲ ಅಂಗಳದಲ್ಲಿವೆ. ಒಲೆಯ ಬಾಯಿ ತೆರೆದಿದೆ. ಪಕ್ಕದಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ದೊಡ್ಡ ತಾಮ್ರದ ಹಂಡೆಯನ್ನು ಉಜ್ಜುತ್ತಿದ್ದಾರೆ. ಅರ್ಧ ಹಂಡೆ ಕಪ್ಪು, ಅರ್ಧ ಕೆಂಪಗೆ ಹೊಳೆಯುತ್ತಿದೆ.

"ಬಂದ್ಯಾ. ನಿನ್ ಪುಸ್ತಕದಲ್ಲಿ ಆ ಗೀಸರ್ ಹೊಡೆದಾಕು," ಎಂದರು ತಲೆ ಎತ್ತದೆ.

"ಅಜ್ಜಿ, ಈ ವಯಸ್ಸಲ್ಲಿ ದಿನಾ ಒಲೆ ಊದ್ತೀರಾ? ನಿಮ್ಗೆ ಮಂಡಿ ನೋವು."

"ನೋವಿರೋದು ಮಂಡಿಗೆ. ಊದೋದು ಬಾಯಲ್ಲಿ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಗೀಸರ್ ಎಂಬುದನ್ನು ಹೊಡೆದು ಹಾಕಿದೆ. ಎರಡು ಕಿಲೋವ್ಯಾಟ್ ಹೋಯಿತು. ಉಳಿದದ್ದನ್ನು ಕೂಡಿಸಿದರೆ ಮೂರರೊಳಗೆ ನಿಂತಿತು. ಏಸಿ ಎಂದರೆ ಆಗದ ಜೀವ ಅದೇ ಏಸಿಗೆ ಜಾಗ ಮಾಡಿಕೊಟ್ಟಿತ್ತು. ನನಗೆ ಅಜ್ಜಿಯ ಮೇಲೆ ತುಂಬಾ ಪ್ರೀತಿ ಬಂತು, ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಒಂದು ಚೂರು ಹುಣಸೆಹಣ್ಣು ತೆಗೆದುಕೊಂಡು ನಾನೂ ಹಂಡೆ ಉಜ್ಜಲು ಕೂತೆ.

"ಹಂಡೆಗೆ ಎಷ್ಟು ವ್ಯಾಟು ಅಂತ ಬರ್ಕೊಂಡೆ?" ಎಂದು ಕೇಳಿದರು.

"ಸೊನ್ನೆ ಅಜ್ಜಿ."

"ಸರಿಯಾಗಿ ಬರ್ದಿದೀಯಾ? ಆಮೇಲೆ ಆ ದಾವಣಗೆರೆಯೋರು ಲೋಡು ಸಾಲ್ದು ಅಂತ ತಕರಾರು ತೆಗೀಬಾರ್ದು."

"ಬರ್ದಿದೀನಿ. ತಾಮ್ರದ ಹಂಡೆ ಒಂದು, ಲೋಡು ಸೊನ್ನೆ."

ಅಜ್ಜಿ ಸಮಾಧಾನವಾಗಿ ಹಂಡೆಗೆ ನೀರು ಸುರಿದು ತೊಳೆದರು. ಕೈ ಒರೆಸಿಕೊಂಡು, ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ಒಳಗೆ ಎಷ್ಟು ಜಾಗವಿದೆಯೆಂದು ಬೆರಳಿನಿಂದ ಅಳೆದು ನೋಡಿದರು.

"ಏಸಿ ಹಾಕು. ಆದ್ರೆ ರಿಮೋಟು ಇದ್ರೊಳಗಿರ್ತದೆ."

೫. ಮೇಲೆ ಊಟಿ

ಹುಡುಗಿ ಬಂದಳು. ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಕೂಸು. ತಾಯಿ ಮಗು ಮನೆಗೆ ಬಂದ ನಾಲ್ಕನೇ ದಿನ ಗೆಳೆಯನ ಫೋನು. "ಲೇ, ನಿನ್ ಏಸಿ ಕೋಣೆ ತಂಪೇ ಮಾಡ್ತಿಲ್ಲ ಕಣೋ."

ಲೆಕ್ಕ ತಪ್ಪಿ ಹುಡುಗಿ ದಾವಣಗೆರೆಗೆ ವಾಪಸ್ಸು ಹೊರಟರೆ ಅಜ್ಜಿಯ ಮುಖ ನೋಡುವುದು ಹೇಗೆ. ಬೈಕ್ ಓಡಿಸಿಕೊಂಡು ಹೋದೆ.

ಮೀಟರ್ ಹಾಕಿ ನೋಡಿದರೆ ಏಸಿ ಜೋರಾಗಿಯೇ ಕರೆಂಟ್ ಎಳೆಯುತ್ತಿದೆ. ಕೈಯೊಡ್ಡಿದರೆ ಬರುವ ಗಾಳಿಯೂ ತಣ್ಣಗಿದೆ. ಆದರೆ ಕೋಣೆಯೊಳಗೆ ಕಾವು. ಕಿಟಕಿ ನೋಡಿದೆ, ಛಾವಣಿ ನೋಡಿದೆ, ಬಿಸಿಲು ಬೀಳುವ ಗೋಡೆ ಮುಟ್ಟಿ ನೋಡಿದೆ. ಕೊನೆಗೆ ಮಂಚದ ಮೇಲೆ ಕೂತಿದ್ದ ಹುಡುಗಿ ಕಣ್ಣಿನಲ್ಲೇ ಕೆಳಗೆ ತೋರಿಸಿದಳು. ಬಗ್ಗಿದೆ. ಮಂಚದ ಕೆಳಗೆ ಅಗ್ಗಿಷ್ಟಿಕೆ, ತುಂಬಾ ಕೆಂಡ.

"ಅಜ್ಜಿ, ಇದೇನು?"

"ಕಾವು. ಬಾಣಂತಿಗೆ ಇಡ್ದೆ ಇನ್ಯಾರಿಗೆ ಇಡೋದು? ಮೇಲಿಂದ ಶೀತ ಬತ್ತದೆ, ಅದಕ್ಕೆ ಕೆಳಗಿಂದ ಸರಿ ಮಾಡ್ತಿದೀನಿ. ನೀನು ನಿನ್ ಲೆಕ್ಕ ನೋಡ್ಕೋ, ನಾನು ನಂದು ನೋಡ್ಕೋತೀನಿ."

ನನಗೆ ನಗು ಬಂದಿತ್ತು, ಆದರೂ ನುಂಗಿಕೊಂಡೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ತಾಯಿ ಮಗುವಿನ ಉಸಿರಿಗೇ ಅಪಾಯ, ಒಂದು ಕ್ಷಣವೂ ಇಡಬಾರದು ಎಂದು ಗಟ್ಟಿಯಾಗಿಯೇ ಹೇಳಿದೆ. ಈ ನಾಲ್ಕು ದಿನ ಕೂಸು ನೋಡಲು ಬರುವವರು ಬಾಗಿಲು ಮುಚ್ಚಲು ಬಿಡದಿದ್ದದ್ದೇ ಪುಣ್ಯ. ಅಜ್ಜಿಯ ಮುಖ ಬಿಳಚಿತು. ಯಾರನ್ನೂ ಕರೆಯದೆ ತಾವೇ ಅಗ್ಗಿಷ್ಟಿಕೆ ಎಳೆದುಕೊಂಡು ಹೋಗಿ ಅಂಗಳದಲ್ಲಿಟ್ಟು, ಎರಡು ಚೊಂಬು ನೀರು ಸುರಿದು ಬಂದರು. ಬಂದವರು ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಚೀಲದಿಂದ ರಿಮೋಟು ತೆಗೆದು ನನ್ನ ಕೈಗೆ ಕೊಟ್ಟು, "ಎಷ್ಟಕ್ಕೆ ಇಡ್ಬೇಕೋ ನೀನೇ ಇಟ್ಟೋಗು," ಎಂದರು.

ನಾನು ಇಪ್ಪತ್ತೇಳಕ್ಕೆ ಇಟ್ಟೆ. ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫ್ ಕಟ್ಟಿಸಿಕೊಂಡಿದ್ದ ಹುಡುಗಿ ಮೊದಲ ಸಲ ನಕ್ಕಳು.

"ಮೇಲೆ ಊಟಿ, ಕೆಳಗೆ ಬಳ್ಳಾರಿ ಮಾಮ. ನಾಲ್ಕು ದಿನದಿಂದ ಸೊಂಟದ ಹತ್ರ ಮಾತ್ರ ಅಜ್ಜಂಪುರ."

೬. ಪರೀಕ್ಷೆ ಮುಗಿದಿಲ್ಲ

ಮಳೆ ಬಂತು. ಅಜ್ಜಂಪುರದಲ್ಲಿ ಜನ ಸ್ವೆಟರ್ ಹುಡುಕತೊಡಗಿದರು. ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಅಜ್ಜಿಯೇ ನನಗೆ ಫೋನ್ ಮಾಡಿದರು. "ಮಿಷನ್ನು ಯಾಕೋ ಸದ್ದು ಮಾಡ್ತದೆ. ಈಗ್ಲೇ ಬಾ."

ಹೋದೆ. ಏಸಿ ಆರಿಸಿ ಮೂರು ವಾರವಾಗಿತ್ತು. ಆರಿಸಿಟ್ಟ ಏಸಿ ಹೇಗೆ ಸದ್ದು ಮಾಡೀತು ಎಂದು ಕೇಳುವಷ್ಟರಲ್ಲಿ ಅಜ್ಜಿ ನನ್ನ ತೋಳು ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು.

"ಅಳಿಯ ಮಧ್ಯಾಹ್ನ ಬತ್ತಾನೆ. ಮೂರು ತುಂಬ್ತಲ್ಲ, ಕರ್ಕೊಂಡು ಬಾ ಅಂತ ಅವ್ರಮ್ಮ ಹೇಳವ್ರಂತೆ. ತಾಯಿ ಮಗೂನ ಕರ್ಕೊಂಡು ಹೋಗ್ತಾನೆ." ಅಜ್ಜಿ ಹಂಡೆಯ ಅಂಚನ್ನು ಸವರಿದರು. "ಕೂಸು ಈಗೀಗ ನನ್ನ ದನಿ ಗುರುತಿಸ್ತದೆ ಕಣೋ. ಇನ್ನೊಂದಿಷ್ಟು ದಿನ ಇರ್ಲಿ ಅಂತ ನಾವು ಬಾಯಿ ಬಿಟ್ಟು ಕೇಳಿದ್ರೆ ಚೆನ್ನಾಗಿರಲ್ಲ. ನೀನು ಬರ್ಕೊಡು."

"ನಾನು ಏನಂತ ಬರೀಲಿ ಅಜ್ಜಿ?"

"ಲೋಡು ಅಂತ ಬರಿ. ಲೋಡು ಕಮ್ಮಿ ಮಾಡಿದ್ರೆ ಮಿಷನ್ನು ಕೆಡ್ತದೆ ಅಂತ ಬರಿ."

"ಅಜ್ಜಿ, ನಿಮ್ಮ ಅಳಿಯ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳೋ ಮೇಷ್ಟ್ರು. ನನಗಿಂತ ಹತ್ತು ಪಾಲು ಗೊತ್ತು ಅವರಿಗೆ."

"ಪಾಠ ಹೇಳೋನಿಗೆ ನಮ್ಮನೆ ವೈರು ಏನು ಗೊತ್ತು? ನೀನು ಬರಿ."

ಇಪ್ಪತ್ತೆರಡು ವರ್ಷದಲ್ಲಿ ನಾನು ಸುಳ್ಳು ಲೆಕ್ಕ ಬರೆದುಕೊಟ್ಟವನಲ್ಲ. ಆದರೆ ಒಲೆ ಊದಿ ಊದಿ ಕೆಂಪಾಗಿದ್ದ ಆ ಕಣ್ಣುಗಳ ಎದುರು ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಎಷ್ಟು ದಿನ ಎಂದು ಕೇಳಿದೆ. ಅಜ್ಜಿ ನಾಚಿಕೊಂಡು, "ನೀನೇ ನೋಡಿ ಹಾಕು," ಎಂದು ಒಳಗೆ ಹೋದರು. ಬಚ್ಚಲ ಕಲ್ಲಿನ ಮೇಲೆ ಕೂತು ನನ್ನ ಹೆಸರಿನ ಕಾಗದದಲ್ಲಿ ಬರೆದೆ. "ಸದರಿ ಮನೆಯ ಬಾಣಂತಿ ಕೋಣೆಯ ಲೋಡ್ ಪರೀಕ್ಷೆ ಇನ್ನೂ ಮುಗಿದಿರುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಕೋಣೆಯಲ್ಲಿರುವವರನ್ನು, ಅಂದರೆ ತಾಯಿ ಒಬ್ಬರು, ಮಗು ಒಂದು, ಮುತ್ತಜ್ಜಿ ಒಬ್ಬರು, ಬದಲಾಯಿಸತಕ್ಕದ್ದಲ್ಲ. ಇನ್ನು ಒಂದು ತಿಂಗಳು ಯಥಾಸ್ಥಿತಿ ಕಾಪಾಡುವುದು." ಕೆಳಗೆ ಲೈಸೆನ್ಸಿನ ಸೀಲು ಒತ್ತಿದೆ.

ಅಳಿಯ ಬಂದ. ಕೈಕಾಲು ತೊಳೆದು, ಊಟ ಮಾಡಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಮೇಲೆ ಅಜ್ಜಿ ಆ ಕಾಗದ ತಂದು ಅವನ ಮುಂದಿಟ್ಟರು. "ಇವ್ನು ಏನೋ ಬರ್ಕೊಟ್ಟವ್ನೆ ನೋಡಪ್ಪಾ. ನಂಗೆ ಇವೆಲ್ಲ ತಿಳಿಯಲ್ಲ," ಎಂದು ಬಾಗಿಲ ಹಿಂದೆ ಹೋಗಿ ನಿಂತರು.

ಅವನು ಓದಿದ. ಒಂದು ಸಲ ಏಸಿ ನೋಡಿದ, ಒಂದು ಸಲ ಕಿಟಕಿಯಾಚೆ ಸುರಿಯುವ ಮಳೆ ನೋಡಿದ. ಮತ್ತೆ ಮೊದಲಿಂದ ಓದಿದ. ಗೆಳೆಯ ಛಾವಣಿ ನೋಡುತ್ತಿದ್ದ. ಹುಡುಗಿ ಕೂಸಿನ ಕಾಲ್ಬೆರಳು ಎಣಿಸುತ್ತಿದ್ದಳು. ನಾನು ಮಾತ್ರ ಆ ಮೇಷ್ಟ್ರ ಎದುರು ಫೇಲಾಗಲು ತಯಾರಾಗಿ ಕೂತಿದ್ದೆ.

"ಸರ್, ಲೆಕ್ಕದಾಗ ಒಂದು ತಪ್ಪೈತ್ರಿ," ಎಂದ.

"ಹೌದಾ," ಎಂದೆ. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು.

ಅವನು ಜೇಬಿನಿಂದ ಪೆನ್ನು ತೆಗೆದು ಕಾಗದದ ಜೊತೆ ನನ್ನ ಕೈಗಿಟ್ಟ. "ಒಂದು ತಿಂಗಳು ಅಂದ್ರ ನಾಲ್ಕು ತುಂಬತೈತಿ. ನಾಲ್ಕಕ್ಕ ತವರಿಂದ ಹೊರಡ್ಸಂಗಿಲ್ಲ, ಮೂರು ಇಲ್ಲಾಂದ್ರ ಐದು. ಎರಡು ತಿಂಗಳು ಅಂತ ತಿದ್ದಿ, ಸೀಲು ಇನ್ನೊಂದು ಸಲ ಒತ್ತಿಕೊಡ್ರಿ. ನಮ್ಮ ಅವ್ವ ಸೀಲು ನೋಡಿದ್ರಷ್ಟೇ ನಂಬತಾಳ."